ಹಳೇ ಕೈಮರಕ್ಕೆ ಮತ್ತೆ ಜೀವ: ಸೆಮಾಫೋರ್ ಸಿಗ್ನಲ್ ಸರಿಪಡಿಸುವ ಬಗೆ

ಹಳೇ ರೈಲುಗಳನ್ನು ಕಾಪಾಡಿಟ್ಟ ತಾಣಕ್ಕೆ ಬಂದವರೆಲ್ಲ ಮೊದಲು ಹೋಗುವುದು ಉಗಿ ಎಂಜಿನ್ ಹತ್ತಿರ. ಅದು ಸಹಜವೇ. ಆದರೆ ಒಮ್ಮೆ ಅದೇ ತಾಣದ ಹಿತ್ತಿಲ ಕಡೆ ಹೋಗಿ ನೋಡಿ. ಹುಲ್ಲಿನ ನಡುವೆ ಒಂದು ಉದ್ದದ ಕಂಬ ಮಲಗಿರುತ್ತದೆ. ಪಕ್ಕದಲ್ಲಿ ತುಕ್ಕು ಹಿಡಿದ ರಾಟೆಗಳು, ಬಣ್ಣ ಮಾಸಿದ ಒಂದು ಕೆಂಪು ತೋಳು, ಗಾಜು ಒಡೆದ ಒಂದು ಕಬ್ಬಿಣದ ಚೌಕಟ್ಟು. ಅದೇ ಕೈಮರ, ಅಂದರೆ ಸೆಮಾಫೋರ್ ಸಿಗ್ನಲ್. ಎಂಜಿನ್ ಓಡಿಸಬೇಕಾದರೆ ಬಾಯ್ಲರ್ ಪರೀಕ್ಷೆ ಆಗಬೇಕು, ವರ್ಷಗಟ್ಟಲೆ ದುಡಿಯಬೇಕು, ದುಡ್ಡೂ ಜಾಸ್ತಿ ಬೇಕು. ಕೈಮರ ಹಾಗಲ್ಲ. ತಾಳ್ಮೆ ಇರುವ ನಾಲ್ಕೈದು ಜನ ಸೇರಿದರೆ ಅದನ್ನು ಮತ್ತೆ ನಿಲ್ಲಿಸಬಹುದು. ಅದೂ ಸುಮ್ನೆ ನಿಲ್ಲಿಸುವುದಲ್ಲ, ಲಿವರ್ ಎಳೆದರೆ ತೋಳು ಆಡುವ ಹಾಗೆ.

ಈ ಲೇಖನ ಅಂಥ ತಂಡಕ್ಕಾಗಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೈಮರ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಇರುವುದು ಒಂದೇ ಪರೀಕ್ಷೆ: ತಂತಿ ಬಿಟ್ಟುಹೋದರೆ ತೋಳು ತಾನಾಗಿಯೇ ಅಡ್ಡ ನಿಂತು ಅಪಾಯ, ಅಂದರೆ ನಿಲ್ಲು ಎಂದು, ತೋರಿಸಬೇಕು. ಬಣ್ಣ ಎಷ್ಟೇ ಹೊಳೆಯಲಿ, ಈ ಗುಣ ಹೋಗಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಬೊಂಬೆ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಏನೇನಿದೆ, ಹೇಗೆ ಕೆಲಸ ಮಾಡುತ್ತದೆ

ಕಂಬದ ಮೇಲ್ತುದಿಯಲ್ಲಿ ತೋಳು. ತೋಳಿನ ಬುಡದಲ್ಲಿ ಎರಡು ಬಣ್ಣದ ಗಾಜು ಕೂರುವ ಬೀಡು ಕಬ್ಬಿಣದ ಚೌಕಟ್ಟು. ನೋಡಲು ಕನ್ನಡಕದ ಹಾಗೇ ಇರುವುದರಿಂದ ಅದಕ್ಕೆ ಸ್ಪೆಕ್ಟಕಲ್ ಎಂದೇ ಹೆಸರು. ನಾವೂ ಇಲ್ಲಿ ಕನ್ನಡಕ ಎಂದೇ ಕರೆಯೋಣ. ಗಾಜಿನ ಹಿಂದೆ ದೀಪ. ತೋಳಿನಿಂದ ಕೆಳಕ್ಕೆ ಒಂದು ಉದ್ದ ಸರಳು. ಕಂಬದ ಬುಡದ ಹತ್ತಿರ ತೂಕದ ಗುಂಡು ಕೂರಿಸಿದ ಸನ್ನೆ, ಅಂದರೆ ಸನ್ನೆಕೋಲು. ಅಲ್ಲಿಂದ ಸಣ್ಣ ಸಣ್ಣ ರಾಟೆಗಳ ಮೇಲೆ ಹಾದು ಒಂದು ತಂತಿ, ಸಿಗ್ನಲ್ ನಡೆಸುವವರು ಕೂರುವ ಕ್ಯಾಬಿನ್ನಿನ ಲಿವರಿಗೆ ಹೋಗುತ್ತದೆ.

ಲಿವರ್ ಎಳೆದರೆ ತಂತಿ ಬಿಗಿಯುತ್ತದೆ, ತೂಕ ಮೇಲೇಳುತ್ತದೆ, ತೋಳು ಅಡ್ಡ ನಿಂತಿದ್ದದ್ದು ಸುಮಾರು 45 ಡಿಗ್ರಿ ವಾಲಿ ಸಲೀಸು, ಅಂದರೆ ಹೋಗಬಹುದು ಎಂದು, ತೋರಿಸುತ್ತದೆ. ಕೆಲವು ಮಾದರಿಗಳಲ್ಲಿ ತೋಳು ಕೆಳಕ್ಕೆ ಇಳಿಯುತ್ತದೆ, ಕೆಲವದರಲ್ಲಿ ಮೇಲಕ್ಕೆ ಏಳುತ್ತದೆ. ಮೇಲಕ್ಕೆ ಏಳುವ ತೋಳು ತನ್ನ ಭಾರಕ್ಕೇ ವಾಪಸ್ ಬೀಳುತ್ತದೆ. ಕೆಳಕ್ಕೆ ಇಳಿಯುವ ಮಾದರಿಯಲ್ಲಿ ಕನ್ನಡಕದ ಭಾರ ತೋಳಿಗಿಂತ ಜಾಸ್ತಿ ಇಟ್ಟಿರುತ್ತಾರೆ. ಹಾಗಾಗಿ ತಕ್ಕಡಿಯ ಹಾಗೆ ತೋಳು ತಾನೇ ಮೇಲೆದ್ದು ಅಡ್ಡ ನಿಲ್ಲುತ್ತದೆ. ಕನ್ನಡಕ ಅಷ್ಟೊಂದು ದಪ್ಪಗೆ ಇರುವುದು ಇದಕ್ಕೇ.

ರೈಲಿಗೆ ಈ ಬಗೆಯ ತೋಳನ್ನು ಮೊದಲು ತಂದವರು ಚಾರ್ಲ್ಸ್ ಹಟನ್ ಗ್ರೆಗರಿ. ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ, 1840ರ ದಶಕದ ಆರಂಭದಲ್ಲಿ. ಆದರೆ ತೋಳು ಅಪಾಯಕ್ಕೆ ಮರಳಲೇಬೇಕು ಎಂಬ ಪಾಠ ಕಲಿಸಿದ್ದು 1876ರ ಜನವರಿ 21ರ ಅಪಘಾತ. ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಹತ್ತಿರ ಅವತ್ತು ಜೋರು ಹಿಮ. ಆಗಿನ ಕೈಮರಗಳಲ್ಲಿ ತೋಳು ಕಂಬದೊಳಗಿನ ಸೀಳಿನಲ್ಲಿ ಆಡುತ್ತಿತ್ತು. ಸೀಳಿನಲ್ಲಿ ಹಿಮ ತುಂಬಿ ಗಟ್ಟಿಯಾಯಿತು. ಕ್ಯಾಬಿನ್ನಿನವರು ಲಿವರನ್ನು ಅಪಾಯಕ್ಕೆ ಹಾಕಿದರೂ ತೋಳು ಮೇಲೇಳಲಿಲ್ಲ, ದಾರಿ ಸಲೀಸು ಎಂದೇ ತೋರಿಸುತ್ತಾ ನಿಂತಿತು. ಒಂದು ಎಕ್ಸ್‌ಪ್ರೆಸ್ ಕಲ್ಲಿದ್ದಲು ಗಾಡಿಗೆ ಗುದ್ದಿತು. ಅದರ ಅವಶೇಷಕ್ಕೆ ಎದುರಿನಿಂದ ಬಂದ ಇನ್ನೊಂದು ಎಕ್ಸ್‌ಪ್ರೆಸ್ ಗುದ್ದಿತು. ಅಲ್ಲಿಯವರೆಗೆ ಗಾಡಿ ಇಲ್ಲದಾಗ ತೋಳು ಸಲೀಸಿನಲ್ಲೇ ಇರುತ್ತಿತ್ತು. ಆಮೇಲೆ ಅಪಾಯವೇ ಅದರ ಮಾಮೂಲಿ ಸ್ಥಿತಿಯಾಯಿತು. ನಿಮ್ಮ ಅಂಗಳದಲ್ಲಿ ಮಲಗಿರುವ ಆ ತೂಕದ ಗುಂಡಿನ ಹಿಂದೆ ಇಷ್ಟು ಕತೆ ಇದೆ.

ಮುಟ್ಟುವ ಮೊದಲು

ಈ ವಸ್ತು ಯಾರದ್ದು, ಯಾರು ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ಕಾಗದದಲ್ಲಿ ನೋಡಿ. ಬಾಯಿಮಾತಿನ ಒಪ್ಪಿಗೆ ಸಾಲದು. ಓಡುವ ರೈಲು ಹಳಿ ಹತ್ತಿರದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ನಿಮ್ಮ ಕೈಮರ ಆ ಹಳಿಯ ಚಾಲಕನ ಕಣ್ಣಿಗೆ ಬಿದ್ದರೆ ಅವನಿಗೆ ಅದು ನಿಜವಾದ ಸಿಗ್ನಲ್ಲೇ. ಹಾಗಾಗಿ ಆ ಹಳಿ ನಡೆಸುವವರ ಒಪ್ಪಿಗೆ ಇಲ್ಲದೆ ತೋಳು ಏರಿಸಬೇಡಿ, ದೀಪ ಹಚ್ಚಬೇಡಿ. ಬಳಕೆಯಲ್ಲಿಲ್ಲದ ತೋಳಿನ ಮೇಲೆ ಬಿಳಿ ಪಟ್ಟಿಗಳಿಂದ ದೊಡ್ಡ X ಗುರುತು ಹೊಡೆಯುವುದು ರೈಲಿನವರ ಹಳೇ ಪದ್ಧತಿ. ಕೆಲಸ ಮುಗಿಯುವವರೆಗೆ ಅದನ್ನೇ ಮಾಡಿ.

ಆಮೇಲೆ ಯಾವ ಕಾಲದ ರೂಪಕ್ಕೆ ತರಬೇಕು ಎಂದು ತೀರ್ಮಾನಿಸಿ. ಬಹಳ ತಂಡಗಳು ಹಿಂದೆ ಮುಂದೆ ನೋಡದೆ ಮೊದಲ ದಿನದ ರೂಪವನ್ನೇ ಆರಿಸುತ್ತವೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಒಂದು ಕೈಮರ 60 ವರ್ಷ ದುಡಿದಿದ್ದರೆ, ಮರದ ತೋಳು ಹೋಗಿ ತಗಡಿನ ತೋಳು ಬಂದಿದ್ದರೆ, ಅದೂ ಅದರ ಬದುಕೇ ಅಲ್ವಾ? ಹಳೇ ರೈಲುಗಳ ಸಂರಕ್ಷಣೆಗೆಂದೇ 2005ರಲ್ಲಿ ಬಂದ ರಿಗಾ ಸನ್ನದು ಕೂಡ ಕಟ್ಟಿದ ದಿನದ ಸ್ಥಿತಿಗೇ ಮರಳಬೇಕೆಂದು ಹಟ ಹಿಡಿಯುವುದಿಲ್ಲ. ಒಳ್ಳೆಯ ಫೋಟೋ ಸಿಕ್ಕಿರುವ, ನಿಮ್ಮ ಕೈಯಲ್ಲಿರುವ ಭಾಗಗಳಿಗೆ ಹೊಂದುವ ಒಂದು ಕಾಲವನ್ನು ಆರಿಸಿ. ಅದನ್ನು ಬರೆದಿಡಿ. ಮುಂದೆ ಬರುವ ಅರ್ಧ ಜಗಳಗಳು ಇಲ್ಲೇ ಮುಗಿಯುತ್ತವೆ.

ಕಂಬವನ್ನು ನಂಬಬೇಡಿ

ಕಂಬ ಇನ್ನೂ ನಿಂತೇ ಇದ್ದರೆ ಮೇಲೆ ಹತ್ತಬೇಡಿ. ಏಣಿ ಗಟ್ಟಿ ಕಂಡರೂ ಬೇಡ. ಮರದ ಕಂಬ ಕೊಳೆಯುವುದು ನೆಲದ ಮಟ್ಟದಲ್ಲಿ, ಅದೂ ಒಳಗಿನಿಂದ. ಮೇಲೆ ಬಣ್ಣ ನಗುತ್ತಿರುತ್ತದೆ, ಒಳಗೆ ಪುಡಿ. ಬುಡದ ಮಣ್ಣು ಒಂದು ಅಡಿ ಬಿಡಿಸಿ, ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಸುತ್ತಿಗೆಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳಾದ ಜಾಗ ಬೊದ್ ಎನ್ನುತ್ತದೆ. ಕಬ್ಬಿಣದ ಕಂಬವಾದರೆ ನೆಲಕ್ಕೆ ತಾಗುವ ಜಾಗದಲ್ಲಿ ತುಕ್ಕು ಎಷ್ಟು ಆಳ ತಿಂದಿದೆ ನೋಡಿ.

ಇಳಿಸುವ ಕೆಲಸ ಕ್ರೇನಿನವರಿಗೆ ಬಿಡಿ. ಆದರೆ ಅದಕ್ಕೂ ಮೊದಲು ತೂಕದ ಸನ್ನೆಯನ್ನು ಅಲುಗಾಡದ ಹಾಗೆ ಮರದ ದಿಮ್ಮಿ ಕೊಟ್ಟು ಕಟ್ಟಿ, ನಂತರವೇ ತಂತಿ, ಸರಳು ಬಿಚ್ಚಿ. ಕಟ್ಟದೆ ಬಿಚ್ಚಿದರೆ ಗುಂಡು ಒಮ್ಮೆಗೇ ಬೀಳುತ್ತದೆ. ಕೈಬೆರಳು ಅಲ್ಲಿದ್ದರೆ ಮುಗಿಯಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಹಳೇ ಬಣ್ಣದಲ್ಲಿ ಸೀಸ ಇರುವುದು ಹೆಚ್ಚುಕಮ್ಮಿ ಖಚಿತ. ಕೆಂಪು ಸೀಸದ ಪ್ರೈಮರ್ ಆ ಕಾಲದ ಕಬ್ಬಿಣಕ್ಕೆಲ್ಲ ಬಳಿಯುತ್ತಿದ್ದದ್ದೇ. ಸೀಸ ಪತ್ತೆ ಮಾಡುವ ಕಿಟ್‌ನಿಂದ ಪರೀಕ್ಷೆ ಮಾಡಿ. ಒಣಗಿದ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ಒದ್ದೆ ಮಾಡಿ ಕೆರೆಯಿರಿ, ಸೀಸದ ಧೂಳಿಗೆ ತಕ್ಕ ಫಿಲ್ಟರ್ ಇರುವ ಮಾಸ್ಕ್ ಹಾಕಿ, ಕೆರೆದದ್ದನ್ನು ಹಾಳೆಯ ಮೇಲೆ ಹಿಡಿದು ಡಬ್ಬಿಗೆ ತುಂಬಿ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಬೇಡಿ. ಆ ಧೂಳು ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ಕೆಡುಕು. ಹಳೇ ಕ್ಯಾಬಿನ್ನಿನ ಒಳಗೂ ಕೆಲಸ ಮಾಡುವಿರಾದರೆ ಛಾವಣಿಯ ಶೀಟಿನಲ್ಲಿ, ಒಲೆಯ ಸುತ್ತಲಿನ ಹಲಗೆಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ತೆಗೆಯುವುದು ತರಬೇತಿ ಆದವರ ಕೆಲಸ.

ಫೋಟೋ, ಚೀಟಿ, ಅಳತೆ

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಪ್ರತಿ ಭಾಗಕ್ಕೂ ಒಂದು ನಂಬರ್ ಕೊಡಿ. ಕಾಗದದ ಚೀಟಿ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಸಣ್ಣ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ನಂಬರ್ ಒತ್ತಿ ತಂತಿಯಿಂದ ಕಟ್ಟಿ. ಯಾವ ನಟ್ಟು ಯಾವ ಬೋಲ್ಟಿನದ್ದೋ ಅದರಲ್ಲೇ ತಿರುಗಿಸಿ ಇಡಿ. ಎರಕದ ಮೇಲಿನ ಅಕ್ಷರ, ಅಂಕಿಗಳನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯಿರಿ. ಫೋಟೋದಲ್ಲಿ ಕಾಣದ ಅಕ್ಷರ ಹೀಗೆ ಉಜ್ಜಿದಾಗ ಎದ್ದುಬರುತ್ತದೆ.

ನಂತರ ಬಣ್ಣದ ಪದರ ಓದಬೇಕು. ನನಗೆ ಈ ಇಡೀ ಕೆಲಸದಲ್ಲಿ ತುಂಬ ಇಷ್ಟವಾದ ಹೊತ್ತು ಇದು. ಮಳೆ ಬಿಸಿಲು ಕಡಿಮೆ ತಾಗಿದ ಒಂದು ಜಾಗ ಆರಿಸಿ, ಕನ್ನಡಕದ ಒಳಬದಿ ಅಥವಾ ಕಂಬಕ್ಕೆ ಕೂರುವ ಪಟ್ಟಿಯ ಕೆಳಗೆ. 220 ನಂಬರಿನ ನೀರಿನ ಎಮರಿ ಪೇಪರ್ ತಗೊಂಡು, ನೀರು ಹಾಕುತ್ತಾ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಗುಂಡಗೆ ಉಜ್ಜಿ. ನಡುವೆ ಕಬ್ಬಿಣ ಕಂಡ ಕೂಡಲೇ ನಿಲ್ಲಿಸಿ. ಆಮೇಲೆ 400, 600, 1000 ಎಂದು ನುಣುಪು ಪೇಪರಿಗೆ ಹೋಗುತ್ತಾ ಅಂಚನ್ನು ಇಳಿಜಾರು ಮಾಡಿ. ನಡುವೆ ಕಬ್ಬಿಣ, ಸುತ್ತ ಕಿತ್ತಳೆ ಬಣ್ಣದ ಸೀಸದ ಪ್ರೈಮರ್, ಅದರ ಸುತ್ತ ಒಂದು ಬಿಳಿ, ಒಂದು ಬೂದು, ಮತ್ತೆ ಬಿಳಿ, ಒಂದು ಕಪ್ಪು ಗೆರೆ. ಕಡಿದ ಮರದ ಬುಡದಲ್ಲಿ ಕಾಣುವ ಉಂಗುರಗಳ ಹಾಗೆ. ಒದ್ದೆ ಇರುವಾಗಲೇ ಹತ್ತಿರದಿಂದ ಫೋಟೋ ತೆಗೆಯಿರಿ. ಒಣಗಿದರೆ ಬಣ್ಣ ಮಂಕಾಗುತ್ತದೆ. ಆ ಕಪ್ಪು ಗೆರೆ ಬಣ್ಣ ಇರಲಿಕ್ಕಿಲ್ಲ. ಎರಡು ಸಲ ಬಣ್ಣ ಬಳಿಯುವ ನಡುವೆ ಕೂತ ಉಗಿ ಎಂಜಿನ್ನಿನ ಮಸಿ ಇದ್ದೀತು. ಈ ನಾಣ್ಯದಷ್ಟು ಜಾಗವನ್ನು ಹಾಗೇ ಉಳಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ.

ನಾನು ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ಇದೆಲ್ಲ ಗೊತ್ತಿರಲಿಲ್ಲ. ಉತ್ಸಾಹದಲ್ಲಿ ತಂತಿ ಬ್ರಷ್ ಹಿಡಿದು ಒಂದು ಇಡೀ ಕನ್ನಡಕವನ್ನು ಕಬ್ಬಿಣ ಕಾಣುವವರೆಗೆ ಉಜ್ಜಿಬಿಟ್ಟೆ. ಸಂಜೆ ಹೊತ್ತಿಗೆ ಎಲ್ಲರೂ ಚೆನ್ನಾಗಿದೆ ಎಂದರು. ಹಿಂಬದಿಗೆ ಯಾವ ಬಣ್ಣ ಇತ್ತು ಎಂದು ಮಾರನೇ ದಿನ ಕೇಳಿದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಬಿಚ್ಚುವುದು

ಇಲ್ಲಿ ಬೇಕಾದ್ದು ಬಲ ಅಲ್ಲ, ದಿನಗಳು. ತುಕ್ಕು ಸಡಿಲಿಸುವ ಎಣ್ಣೆಯನ್ನು ಬೆಳಿಗ್ಗೆ ಸಂಜೆ ಹಾಕುತ್ತಾ ಒಂದು ವಾರ ಬಿಡಿ. ನಡುನಡುವೆ ಬೋಲ್ಟಿನ ತಲೆಗೆ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆ ಅದುರುವಿಕೆಗೆ ಎಣ್ಣೆ ಎಳೆಯೊಳಗೆ ಇಳಿಯುತ್ತದೆ. ತಿರುಗಿಸುವಾಗ ಒಂದು ಚೂರು ಬಿಚ್ಚುವ ಕಡೆ, ಮತ್ತೆ ಅರ್ಧ ಚೂರು ಬಿಗಿಯುವ ಕಡೆ, ಹೀಗೆ ಆಡಿಸುತ್ತಾ ಹೋಗಿ. ಒಂದೇ ಸಮನೆ ತಿರುಗಿಸಿದರೆ ಬೋಲ್ಟು ಕತ್ತರಿಸಿಹೋಗುತ್ತದೆ. ಬಿಸಿ ಕೊಡುವುದಾದರೆ ಬಣ್ಣ ಮತ್ತು ಎಣ್ಣೆ ಪೂರ್ತಿ ತೆಗೆದ ಜಾಗಕ್ಕೆ ಮಾತ್ರ.

ಕನ್ನಡಕದ ವಿಷಯದಲ್ಲಿ ಇನ್ನೂ ಹುಷಾರು. ಬೀಡು ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಒಡೆದದ್ದನ್ನು ಮಾಮೂಲಿ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಪಿನ್ ಹೊರಗೆ ಬಡಿಯುವಾಗ ಎರಕಕ್ಕೆ ಹಿಂದಿನಿಂದ ಗಟ್ಟಿ ಆಸರೆ ಕೊಡಿ.

ಬೋಲ್ಟಿನ ಎಳೆಯ ಬಗ್ಗೆ ಎರಡು ಮಾತು. ಬ್ರಿಟಿಷ್ ಮಾದರಿಯ ಹಳೇ ಸಾಮಾನುಗಳಲ್ಲಿ ಇರುವುದು ವಿಟ್‌ವರ್ತ್ ಎಳೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಅದು. ಎಳೆಯ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್‌ನದ್ದು 60. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಎಳೆ, ಅದೇ ಗಾತ್ರದ ಅಮೆರಿಕದ ಯುಎನ್‌ಸಿ ಬೋಲ್ಟಿಗೆ 13. ಮೊದಲ ಎರಡು ಸುತ್ತು ಹೊಂದಿದ ಹಾಗೆ ಅನ್ನಿಸುತ್ತದೆ, ಆಮೇಲೆ ಎಳೆ ಹಾಳು. ಎಳೆ ಅಳೆಯುವ ಗೇಜು ಒಂದು ಇಟ್ಟುಕೊಳ್ಳಿ.

ತುಕ್ಕು ತೆಗೆಯುವುದು

ಮರಳು ಹೊಡೆಸಿಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಎರಕದ ಮೇಲ್ಪದರ, ಅಚ್ಚಿನ ಗುರುತು, ತೆಳು ಅಕ್ಷರಗಳು ಎಲ್ಲವೂ ಅದರಲ್ಲಿ ಹೋಗುತ್ತವೆ. ಬಿಡಿಭಾಗಗಳಿಗೆ ವಿದ್ಯುತ್ತಿನ ತೊಟ್ಟಿಯೇ ಒಳ್ಳೆಯದು. ಅದು ಗಟ್ಟಿ ಲೋಹವನ್ನು ತಿನ್ನುವುದಿಲ್ಲ.

ಪ್ಲಾಸ್ಟಿಕ್ ತೊಟ್ಟಿ ತಗೊಳ್ಳಿ. ಸುಮಾರು 5 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟಿನ ಡಿಸಿ ಸಪ್ಲೈ ಬೇಕು. ಅದರ ಮೈನಸ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ತಂತಿ ಬೇಡವಾದ ಒಂದು ಸಾದಾ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಗುಳ್ಳೆ ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಯಲಲ್ಲೇ ಮಾಡಿ, ಕೈ ಹಾಕುವ ಮೊದಲು ಸಪ್ಲೈ ಆರಿಸಿ. ಒಂದು ರಾತ್ರಿ ಬಿಟ್ಟರೆ ತುಕ್ಕು ಕಪ್ಪು ಕೆಸರಿನ ಹಾಗೆ ಸಡಿಲವಾಗಿರುತ್ತದೆ. ನೈಲಾನ್ ಬ್ರಷ್‌ನಿಂದ ತೊಳೆದು, ಕೂಡಲೇ ಒಣಗಿಸಿ, ಅದೇ ದಿನ ಪ್ರೈಮರ್ ಅಥವಾ ಎಣ್ಣೆ ಹಚ್ಚಿ. ತಡಮಾಡಿದರೆ ಗಂಟೆಯೊಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಏಳುತ್ತದೆ.

ಹಿತ್ತಾಳೆ, ಅಲ್ಯೂಮಿನಿಯಂ, ಸತು ಲೇಪದ ಭಾಗ, ಇನಾಮಲ್ ತಗಡು ಈ ತೊಟ್ಟಿಗೆ ಬೇಡ. ಲಿವರ್ ಹಿಡಿಯ ಸ್ಪ್ರಿಂಗ್ ಕೂಡ ಬೇಡ. ಗಟ್ಟಿ ಸ್ಪ್ರಿಂಗ್ ಸ್ಟೀಲ್ ಹೈಡ್ರೋಜನ್ ಹೀರಿಕೊಂಡರೆ ಪೆಡಸಾಗಿ ಒಂದು ದಿನ ಫಟ್ಟನೆ ಮುರಿಯುತ್ತದೆ.

ತೋಳು

ಇನಾಮಲ್ ತಗಡಿನ ತೋಳಾದರೆ ನಿಮ್ಮ ಪುಣ್ಯ. ಅದರ ಬಣ್ಣ ಕರಗಿದ ಗಾಜು, ಮಾಸುವುದು ಕಡಿಮೆ. ಸೌಮ್ಯ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಚಕ್ಕೆ ಎದ್ದ ಜಾಗದಲ್ಲಿ ತುಕ್ಕು ಇದ್ದರೆ ಟ್ಯಾನಿಕ್ ಆಸಿಡ್ ದ್ರಾವಣ ಸಣ್ಣ ಬ್ರಷ್‌ನಿಂದ ಹಚ್ಚಿ, ತುಕ್ಕು ಕಪ್ಪಾಗಿ ನಿಲ್ಲುತ್ತದೆ. ಮೇಲೆ ಮೇಣ ಉಜ್ಜಿ. ಪೂರ್ತಿ ಹೊಸ ಬಣ್ಣ ಬಳಿಯುವ ಆಸೆ ಬರುತ್ತದೆ. ದಯವಿಟ್ಟು ತಡೆದುಕೊಳ್ಳಿ.

ಮರದ ತೋಳಿನಲ್ಲಿ ಕೊಳೆತಷ್ಟೇ ಕತ್ತರಿಸಿ, ಅದೇ ಜಾತಿಯ ಮರದಿಂದ ಓರೆ ಬೆಸುಗೆಯಲ್ಲಿ ತುಂಡು ಕೂಡಿಸಿ. ಮರದ ಕಂಬದ ಬುಡಕ್ಕೂ ಇದೇ ಉಪಾಯ, ಆದರೆ ಆ ಬೆಸುಗೆಯನ್ನು ಎಂಜಿನಿಯರ್ ಒಬ್ಬರು ನೋಡಿ ಒಪ್ಪಬೇಕು. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರೊಳಗೆ ಮುಳುಗಿಸಿಡಿ.

ಹೊಸದಾಗಿ ಮಾಡಿಸಿದ ಯಾವ ಭಾಗಕ್ಕೂ, ಕಾಣದ ಬದಿಯಲ್ಲಿ, ಮಾಡಿದ ವರ್ಷ ಒತ್ತಿ. ತೆಗೆದ ಹಳೇ ತುಂಡನ್ನು ಚೀಟಿ ಕಟ್ಟಿ ಇಡಿ. ಐವತ್ತು ವರ್ಷ ಬಿಟ್ಟು ಇದೇ ಕೆಲಸಕ್ಕೆ ಕೂರುವವರು ಯಾವುದು ಹಳೆಯದು ಯಾವುದು ನಮ್ಮದು ಎಂದು ತಲೆ ಕೆಡಿಸಿಕೊಳ್ಳಬಾರದು.

ಹಸಿರು ಗಾಜು ಹಸಿರಲ್ಲ

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಳೇ ಕನ್ನಡಕದಲ್ಲಿ ಉಳಿದ ಗಾಜಿನ ಚೂರನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು ಕೆಂಪಾಗಿಯೇ ಇರುತ್ತದೆ. ಇನ್ನೊಂದು ನೀಲಿ ಕಡೆಗೆ ವಾಲಿರುತ್ತದೆ. ಯಾರೋ ತಪ್ಪು ಗಾಜು ಹಾಕಿದ್ದಾರೆ ಎಂದುಕೊಂಡು ಅದನ್ನು ಎಸೆದು, ಎಲೆ ಹಸಿರಿನ ಗಾಜು ತಂದು ಕೂರಿಸಿದವರಿದ್ದಾರೆ.

ಕಾರಣ ದೀಪದಲ್ಲಿದೆ. ಆ ಕಾಲದ ದೀಪ ಸೀಮೆಎಣ್ಣೆಯದ್ದು. ಅದರ ಉರಿ ಹಳದಿ. ಹಳದಿ ಉರಿಯ ಬೆಳಕು ನೀಲಿ-ಹಸಿರು ಗಾಜಿನ ಮೂಲಕ ಬಂದಾಗ ದೂರದ ಚಾಲಕನಿಗೆ ಅದು ಸ್ವಚ್ಛ ಹಸಿರಾಗಿ ಕಾಣುತ್ತದೆ. ಎಲೆ ಹಸಿರಿನ ಗಾಜು ಹಾಕಿದರೆ ಅದೇ ಉರಿಗೆ ಹಳದಿ ಮಿಶ್ರ ಬೆಳಕು ಬರುತ್ತದೆ. ಹಾಗಾಗಿ ಗಾಜು ಮಾಡಿಸುವಾಗ ಮಾದರಿ ತುಂಡನ್ನು ಉರಿಯುವ ಬತ್ತಿಯ ಮುಂದೆ ಹಿಡಿದು, ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಹೋಗಿ ನೋಡಿ ಆರಿಸಿ. ಬಿರುಕು ಬಿಟ್ಟರೂ ಜಾಗದಲ್ಲೇ ನಿಂತಿರುವ ಹಳೇ ಗಾಜನ್ನು ಹಾಗೇ ಬಿಡಬಹುದು.

ಈಗ ಬಹಳ ತಾಣಗಳಲ್ಲಿ ದೀಪದ ಒಳಗೆ ಎಲ್‌ಇಡಿ ಇಡುತ್ತಾರೆ. ಬೆಂಕಿಯ ಭಯ ಇಲ್ಲ, ದಿನವೂ ಕಂಬ ಹತ್ತಬೇಕಿಲ್ಲ, ಒಳ್ಳೆಯದೇ. ಆದರೆ ಬಿಳಿ ಎಲ್‌ಇಡಿ ಹಾಕಿದರೆ ಸಿಗ್ನಲ್ ನೀಲಿಯಾಗಿ ಕಾಣುತ್ತದೆ. ಬೆಳಕಿನ ಬಣ್ಣದ ಅಳತೆಯಲ್ಲಿ 2000 ಕೆಲ್ವಿನ್ ಆಸುಪಾಸಿನ ಹಳದಿ ಛಾಯೆಯ ಎಲ್‌ಇಡಿ ಕೇಳಿ ತನ್ನಿ, ಸೀಮೆಎಣ್ಣೆ ಉರಿಯ ಬಣ್ಣಕ್ಕೆ ಅದು ಹತ್ತಿರ. ದೀಪದ ಗೂಡಿಗೆ ತೂತು ಕೊರೆಯದೆ, ಹಳೇ ಬುಡ್ಡಿ ಕೂರುತ್ತಿದ್ದ ಜಾಗದಲ್ಲೇ ಅದನ್ನು ಕೂರಿಸಿ. ಬೇಕೆಂದಾಗ ತೆಗೆದು ಬುಡ್ಡಿ ಇಡುವ ಹಾಗಿರಲಿ. ಒಮ್ಮೆ ತುಂಬಿದರೆ ಒಂದು ವಾರ ಹಗಲು ರಾತ್ರಿ ಉರಿಯುವಂಥ ಬುಡ್ಡಿಗಳೂ ಇದ್ದವು. ಅಂಥದ್ದು ಸಿಕ್ಕಿದ್ದರೆ ಜೋಪಾನ.

ದೀಪದ ಹಿಂಬದಿಯಲ್ಲಿ ಒಂದು ಪುಟ್ಟ ಕಿಂಡಿ ಇರುತ್ತದೆ. ತೋಳು ಅಪಾಯದಲ್ಲಿದ್ದಾಗ ಕ್ಯಾಬಿನ್ನಿನವರಿಗೆ ಆ ಕಿಂಡಿಯ ಚುಕ್ಕೆ ಬೆಳಕು ಕಾಣುತ್ತದೆ, ತೋಳು ಸರಿದಾಗ ಒಂದು ಸಣ್ಣ ತಗಡು ಅದನ್ನು ಮುಚ್ಚುತ್ತದೆ. ರಾತ್ರಿ ತೋಳು ನಿಜವಾಗಿ ಆಡಿತೋ ಇಲ್ಲವೋ ತಿಳಿಯಲು ಅವರಿಗೆ ಇದ್ದದ್ದು ಇದೇ ಚುಕ್ಕೆ. ಆ ತಗಡನ್ನು ಬೇಡದ ತುಂಡು ಎಂದು ಎಸೆಯಬೇಡಿ.

ಬಣ್ಣ

ಕಬ್ಬಿಣಕ್ಕೆ ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟು, ಅಂಡರ್‌ಕೋಟ್ ಒಂದು, ಮೇಲೆ ಹೊಳಪಿನ ಪೇಂಟ್. ಚೂಪು ಅಂಚುಗಳಿಗೆ ಬ್ರಷ್‌ನಿಂದ ಒಂದು ಕೈ ಜಾಸ್ತಿ, ಅಲ್ಲಿ ಬಣ್ಣ ತೆಳುವಾಗುತ್ತದೆ. ಪಿನ್ನು, ಕೀಲು ಕೂರುವ ಜಾಗ, ಎಳೆ, ಎಣ್ಣೆಯ ತೂತು ಇವಕ್ಕೆ ಬಣ್ಣ ತಾಗಬಾರದು. ಎಣ್ಣೆಯ ತೂತಿಗೆ ಬೆಂಕಿಕಡ್ಡಿ ಚುಚ್ಚಿಟ್ಟು ಬಳಿಯಿರಿ, ಮುಗಿದ ಮೇಲೆ ಎಳೆದು ತೆಗೆಯಿರಿ.

ಲಿವರ್ ಫ್ರೇಮ್

ಕ್ಯಾಬಿನ್ನಿನ ಲಿವರುಗಳ ಕೆಳಗೆ ಇರುವುದೇ ಇಂಟರ್‌ಲಾಕಿಂಗ್. ಒಂದಕ್ಕೊಂದು ವಿರುದ್ಧವಾದ ದಾರಿಗಳನ್ನು ಒಟ್ಟಿಗೆ ಕೊಡಲು ಬಿಡದ ಕಬ್ಬಿಣದ ಬುದ್ಧಿ ಅದು. ಪಾಯಿಂಟು (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ಮತ್ತು ಸಿಗ್ನಲ್ಲುಗಳನ್ನು ಹೀಗೆ ಹೆಣೆಯುವುದಕ್ಕೆ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದರು. ಲಾಕ್ ಪಟ್ಟಿಗಳು ಬಿಗಿಯಾಗಿವೆ ಎಂದು ಅರ ಹಾಕಿ ಉಜ್ಜಬೇಡಿ. ಒಂದು ಕೂದಲೆಳೆ ಉಜ್ಜಿದರೂ ಲಾಕ್ ಹುಸಿಯಾಗುತ್ತದೆ. ಹಳೇ ಗ್ರೀಸನ್ನು ತೊಳೆದು, ತೆಳು ಎಣ್ಣೆ ಹಾಕಿ. ಗ್ರೀಸು ಬೇಡ, ಅದು ಧೂಳು ಹಿಡಿದು ಗಟ್ಟಿಯಾಗುತ್ತದೆ. ಜೋಡಿಸಿದ ಮೇಲೆ ಒಂದು ಕಾಗದದಲ್ಲಿ ಲಿವರ್ ನಂಬರುಗಳನ್ನು ಉದ್ದ ಅಡ್ಡ ಬರೆದುಕೊಂಡು, ಯಾವುದು ಎಳೆದಾಗ ಯಾವುದು ಕಚ್ಚಿಕೊಳ್ಳುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿ.

ಲಿವರಿನ ಬಣ್ಣಕ್ಕೂ ಅರ್ಥ ಇದೆ. ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ನಿಲ್ಲಿಸುವ ಸಿಗ್ನಲ್ಲಿಗೆ, ಹಳದಿ ಮುನ್ನೆಚ್ಚರಿಕೆಯ ಸಿಗ್ನಲ್ಲಿಗೆ, ಕಪ್ಪು ಪಾಯಿಂಟಿಗೆ, ನೀಲಿ ಪಾಯಿಂಟಿನ ಲಾಕಿಗೆ, ಬಿಳಿ ಬಳಕೆಯಲ್ಲಿಲ್ಲದ್ದಕ್ಕೆ. ಹಿಡಿಗೆ ಮಾತ್ರ ಬಣ್ಣ ಇಲ್ಲ, ಹೊಳೆಯುವ ಉಕ್ಕು. ಬೆವರು ತಾಗಿದರೆ ತುಕ್ಕು ಬರುತ್ತದೆಂದು ಆಗಿನವರು ಕೈಯಲ್ಲಿ ಒಂದು ಬಟ್ಟೆ ಹಿಡಿದೇ ಲಿವರ್ ಮುಟ್ಟುತ್ತಿದ್ದರು.

ನಿಲ್ಲಿಸುವುದು, ತಂತಿ ಎಳೆಯುವುದು

ಅಡಿಪಾಯದ ಲೆಕ್ಕ ಎಂಜಿನಿಯರಿಗೆ ಬಿಡಿ. ನೀವು ನೋಡಬೇಕಾದ್ದು ನೀರು. ಕಂಬದ ಬುಡದಲ್ಲಿ ನೀರು ನಿಲ್ಲದಂತೆ ನೆಲ ಹೊರಕ್ಕೆ ಇಳಿಜಾರಾಗಿರಲಿ. ತೋಳು, ಕನ್ನಡಕ, ಸರಳನ್ನು ನೆಲದ ಮೇಲೇ ಜೋಡಿಸಿ, ಆಡಿಸಿ ನೋಡಿ, ಆಮೇಲೆ ಎತ್ತಿ.

ತಂತಿಗೆ ಬಿಸಿಲಿನ ಕಾಟ ಇದೆ. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ 500 ಮೀಟರ್ ತಂತಿಗೆ ನಸುಕಿಗೂ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸ ಬಂದರೆ 15 ಸೆಂಟಿಮೀಟರ್ ಉದ್ದ ಜಾಸ್ತಿ. ಲಿವರ್ ಪೂರ್ತಿ ಎಳೆದರೂ ತೋಳು ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಕಡೆ, ಮಧ್ಯಾಹ್ನದ ಬಿಸಿಲಲ್ಲಿ ತಂತಿ ಬಿಗಿ ಮಾಡಿದರೆ ರಾತ್ರಿಯ ಚಳಿಗೆ ಅದು ಕುಗ್ಗಿ ತೋಳನ್ನು ತಾನೇ ಎಳೆದುಬಿಡಬಹುದು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅದಕ್ಕೇ ಕ್ಯಾಬಿನ್ನಿನಲ್ಲಿ ತಂತಿ ಸಡಿಲಿಸುವ, ಬಿಗಿಯುವ ಸಾಧನ ಇರುತ್ತಿತ್ತು. ಅದನ್ನು ಸರಿಪಡಿಸಿ, ದಿನಕ್ಕೆ ಎರಡು ಹೊತ್ತು ಹೊಂದಿಸಿ.

ತೂಕದ ಪರೀಕ್ಷೆ

ಲಿವರ್ ಎಳೆದು ತೋಳು ಸರಿಸಿ. ಯಾರೂ ಕಂಬದ ಹತ್ತಿರ ಇಲ್ಲ ಎಂದು ನೋಡಿಕೊಂಡು, ಲಿವರನ್ನು ನಿಧಾನ ವಾಪಸ್ ಹಾಕಿ. ತೋಳು ಎಲ್ಲೂ ತಡವರಿಸದೆ ಅಡ್ಡ ಬಂದು ನಿಲ್ಲಬೇಕು. ಇದು ಸುಲಭದ ಭಾಗ. ಈಗ ಸರಳನ್ನು ಕಂಬದ ಬುಡದ ಸನ್ನೆಯಿಂದ ಬಿಡಿಸಿ, ಸನ್ನೆಯನ್ನು ಕಟ್ಟಿಹಾಕಿ. ಸರಳಿಗೆ ಒಂದು ಹಗ್ಗ ಕಟ್ಟಿ ದೂರದಿಂದ ತೋಳು ಸರಿಸಿ ಬಿಡಿ. ಗುಂಡಿನ ಸಹಾಯ ಇಲ್ಲದೆ, ತೋಳು ಮತ್ತು ಕನ್ನಡಕದ ಭಾರಕ್ಕೇ ಅದು ಅಪಾಯಕ್ಕೆ ಮರಳಬೇಕು. ಕಾಲು ಭಾಗ ಸರಿಸಿ ಬಿಡಿ, ಅರ್ಧ ಸರಿಸಿ ಬಿಡಿ, ಪೂರ್ತಿ ಸರಿಸಿ ಬಿಡಿ. ಪ್ರತಿ ಸಲವೂ ಮರಳಬೇಕು. ಒಂದು ಸಲ ನಡುವೆ ನಿಂತರೂ ಮೇಲಿನ ಕೀಲು ಬಿಚ್ಚಿ ನೋಡಿ. ಸಾಮಾನ್ಯವಾಗಿ ಅಲ್ಲಿ ಬಣ್ಣ ಸೇರಿರುತ್ತದೆ, ಇಲ್ಲವೇ ಪಿನ್ ಬಗ್ಗಿರುತ್ತದೆ. ಗುಂಡಿಗೆ ಭಾರ ಸೇರಿಸಿ ದೋಷ ಮುಚ್ಚಬೇಡಿ.

ಈ ಪರೀಕ್ಷೆ ಗೆದ್ದ ಮೇಲೆ ಸಂಜೆಗೆ ಕಾಯಿರಿ. ಕತ್ತಲಾಗುವಾಗ ದೀಪ ಹಚ್ಚಿ, ಒಬ್ಬರು ಲಿವರ್ ಹತ್ತಿರ, ಉಳಿದವರು ಹಳಿಯ ಉದ್ದಕ್ಕೂ ದೂರ ನಡೆದು ಹೋಗಿ ನಿಲ್ಲಿ. ಕೆಂಪು ಆರಿ ಹಸಿರು ಬರುವ ಆ ಕ್ಷಣದಲ್ಲಿ ಎರಡೂ ಗಾಜು ಒಟ್ಟಿಗೆ ಅರೆಬರೆ ಕಾಣುತ್ತಿದ್ದರೆ ದೀಪ ಸ್ವಲ್ಪ ಓರೆಯಾಗಿದೆ ಎಂದರ್ಥ. ದೀಪದ ಕೊಕ್ಕೆಯನ್ನು ಹೊಂದಿಸಿ.

ದಿನನಿತ್ಯಕ್ಕೆ

ಬಂದವರಿಗೆ ಲಿವರ್ ಎಳೆಯಲು ಕೊಡಿ, ಪಕ್ಕದಲ್ಲಿ ಒಬ್ಬರು ನಿಂತು. ಹಿಡಿಯ ಜೊತೆಗಿರುವ ಕೊಕ್ಕೆಯನ್ನು ಪೂರ್ತಿ ಒತ್ತಿ, ಒಂದು ಕಾಲು ಮುಂದಿಟ್ಟು, ಮೈಭಾರದಿಂದ ಎಳೆಯಬೇಕು, ತೋಳ್ಬಲದಿಂದಲ್ಲ. ಬಿಡುವಾಗ ಲಿವರಿನ ಜೊತೆಗೇ ಹೋಗಬೇಕು, ಕೈಬಿಟ್ಟರೆ ಹಾರುತ್ತದೆ. ಕಂಬದ ಬುಡದ ಗುಂಡಿನ ಸುತ್ತ ಬೇಲಿ ಹಾಕಿ, ಮಕ್ಕಳು ಅದರ ಕೆಳಗೆ ಕೈ ಹಾಕುತ್ತಾರೆ. ತಿಂಗಳಿಗೊಮ್ಮೆ ರಾಟೆಗಳಿಗೆ, ಕೀಲುಗಳಿಗೆ ಎಣ್ಣೆ. ಪ್ರತಿ ಮಳೆಗಾಲ ಮುಗಿದ ಮೇಲೆ ತೂಕದ ಪರೀಕ್ಷೆ ಇನ್ನೊಮ್ಮೆ. ಮಾಡಿದ್ದನ್ನೆಲ್ಲ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆಯಿರಿ. ಲಿವರ್ ಫ್ರೇಮಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು, ಒಗೆದ ಬಟ್ಟೆಯೊಂದನ್ನು ಯಾವಾಗಲೂ ನೇತುಹಾಕಿ. ಹಿಡಿ ಮುಟ್ಟುವ ಮೊದಲು ಎಲ್ಲರೂ ಅದನ್ನು ಕೈಗೆ ತಗೊಳ್ಳಲಿ.